ಉಕ್ರೇನಿನ ಹನ್ನೊಂದನೇ ತರಗತಿಗೆ ದೂರದಿಂದ ಪಾಠ: ಹೊಸದಾಗಿ ಶುರು ಮಾಡುವವರಿಗೆ

ಉಕ್ರೇನಿನಲ್ಲಿ ಶಾಲೆ ಹನ್ನೊಂದು ವರ್ಷದ್ದು. ನಮ್ಮ ದ್ವಿತೀಯ ಪಿಯುಸಿಗೆ ಸಮನಾದ ಘಟ್ಟವನ್ನು ಅಲ್ಲಿನ ಮಕ್ಕಳು ಹದಿನಾರು ಹದಿನೇಳಕ್ಕೇ ದಾಟುತ್ತಾರೆ. 2022ರ ಫೆಬ್ರವರಿ 24ರಂದು ರಷ್ಯಾ ಪೂರ್ಣ ಪ್ರಮಾಣದ ದಾಳಿ ಶುರು ಮಾಡಿದ ಮೇಲೆ ಪ್ರತಿ ಬೇಸಿಗೆಯಲ್ಲೂ ಒಂದೊಂದು ತಂಡ ಯುದ್ಧದ ನಡುವೆಯೇ ಶಾಲೆ ಮುಗಿಸಿ ಹೊರಬಂದಿದೆ. ಈ ಮಕ್ಕಳ ಜೊತೆ ವಾರಕ್ಕೊಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಲು, ಗಣಿತ ಹೇಳಿಕೊಡಲು ಬೇರೆ ದೇಶಗಳ ಸ್ವಯಂಸೇವಕರು ಬೇಕಾಗುತ್ತಾರೆ. 2020ರಲ್ಲಿ ಶುರುವಾದ ಎಂಜಿನ್ ಎಂಬ ಸಂಸ್ಥೆ ಇಂಗ್ಲಿಷ್ ಮಾತುಕತೆಗೆಂದು ಜೋಡಿ ಹೊಂದಿಸಿಕೊಡುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಕೂತು, ಇಲ್ಲವೇ ಜರ್ಮನಿ, ಪೋಲೆಂಡಿನಲ್ಲಿ ನೆಲೆಸಿ ಇದಕ್ಕೆ ಕೈಹಾಕುವ ಕನ್ನಡಿಗರಿಗಾಗಿ ಈ ಬರಹ. ಖಾರ್ಕಿವ್ ಎಂಬ ಹೆಸರು ನಮ್ಮ ಮನೆಗಳಿಗೆ ಹೊಸದೂ ಅಲ್ಲ. ಅಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ಹುಡುಗ 2022ರ ಮಾರ್ಚ್ 1ರಂದು ದಾಳಿಗೆ ಬಲಿಯಾದ ಸುದ್ದಿ ಇಡೀ ರಾಜ್ಯಕ್ಕೆ ನೆನಪಿದೆ.

ಮೊದಲೇ ಒಂದು ಮಾತು. ಈ ಮಕ್ಕಳ ಕನಸೇನು ಎಂದು ಕೆದಕಿ ತಿಳಿಯುವುದು ನಿಮ್ಮ ಕೆಲಸವಲ್ಲ. ಆ ಕನಸಿಗೆ ಬೇಕಾದ ಮುಂದಿನ ಚಿಕ್ಕ ಕೆಲಸ ಈ ವಾರ ಮುಗಿಯಿತೇ ಎಂದು ನೋಡಿಕೊಳ್ಳುವುದು ನಿಮ್ಮ ಕೆಲಸ. ಮುಂದೆ ಬರೆದಿರುವುದೆಲ್ಲ ಇದನ್ನು ಮಾಡುವ ಬಗೆ.

ಗಡಿಯಾರ

ಚಳಿಗಾಲದಲ್ಲಿ ಉಕ್ರೇನ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೇ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ, ನಮ್ಮದು ಬದಲಾಗುವುದಿಲ್ಲ. ನಮ್ಮ ರಾತ್ರಿ 8:30 ಅವರಿಗೆ ಜನವರಿಯಲ್ಲಿ ಸಂಜೆ 5, ಜೂನ್‌ನಲ್ಲಿ ಸಂಜೆ 6. ಪಾಠದ ಸಮಯವನ್ನು ಯಾವಾಗಲೂ ಕೀವ್ ಸಮಯದಲ್ಲೇ ನಿಗದಿ ಮಾಡಿ, ನಿಮ್ಮ ಫೋನಿನ ಕ್ಯಾಲೆಂಡರಿನಲ್ಲೂ ಕೀವ್ ಸಮಯವೆಂದೇ ಹಾಕಿಕೊಳ್ಳಿ. ಇದನ್ನು ಮಾಡದವರು ಮಾರ್ಚ್ ಕೊನೆಯ ವಾರ ಒಂದು ಗಂಟೆ ತಡವಾಗಿ ಬರುತ್ತಾರೆ. ಬರಬೇಕಾದವರು ಬರದೇ ಹೋಗುವುದು ಈ ಮಕ್ಕಳಿಗೆ ಬೇರೆಯೇ ಅರ್ಥ ಕೊಡುತ್ತದೆ. ಹಾಗಾಗಿ ನಿಮಗೆ ತಡವಾಗುವುದಾದರೆ ಹತ್ತು ನಿಮಿಷ ಮುಂಚೆ ಒಂದು ಸಾಲು ಬರೆದು ಹಾಕಿ.

ಮಗುವಿನ ಊರು ಯಾವುದೆಂದು, ಜೋಡಿ ಹೊಂದಿಸಿಕೊಟ್ಟ ಸಂಸ್ಥೆಯ ಸಂಯೋಜಕರಿಂದ ತಿಳಿದುಕೊಳ್ಳಿ, ಅದರ ಮೇಲೆ ಬಹಳಷ್ಟು ನಿಂತಿದೆ. ಪಶ್ಚಿಮದ ಲ್ವಿವ್‌ನಲ್ಲಿ ಮಕ್ಕಳು ಶಾಲೆಯ ಕಟ್ಟಡಕ್ಕೇ ಹೋಗುತ್ತಿರಬಹುದು. ಖಾರ್ಕಿವ್ ರಷ್ಯಾದ ಗಡಿಯಿಂದ ಮೂವತ್ತು ನಲವತ್ತು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಸೈರನ್ ಕೇಳುವ ಮೊದಲೇ ಸ್ಫೋಟ ಕೇಳಿಸುವುದುಂಟು. ಆ ನಗರದಲ್ಲಿ 2023ರ ಸೆಪ್ಟೆಂಬರಿನಿಂದ ಮೆಟ್ರೋ ನಿಲ್ದಾಣಗಳೊಳಗೆ ತರಗತಿ ನಡೆಸಿದರು, 2024ರ ಮೇ ತಿಂಗಳಲ್ಲಿ ನೆಲದಡಿಯ ಮೊದಲ ಶಾಲೆ ತೆರೆದರು. ಇಂಥ ಕಡೆ ಪಾಳಿಯಲ್ಲಿ ತರಗತಿ, ಉಳಿದ ಹೊತ್ತು ಆನ್‌ಲೈನ್. ಆದ್ದರಿಂದ ಮಗುವಿನ ಬಿಡುವಿನ ಹೊತ್ತು ವಾರದಿಂದ ವಾರಕ್ಕೆ ಬದಲಾಗಬಹುದು. ವಿದೇಶಕ್ಕೆ ಹೋದ ಮಕ್ಕಳದು ಇನ್ನೊಂದು ಕಷ್ಟ: ಹಗಲು ಪೋಲಿಷ್ ಇಲ್ಲವೇ ಜರ್ಮನ್ ಶಾಲೆ, ಸಂಜೆ ಉಕ್ರೇನಿನ ಶಾಲೆಯ ಆನ್‌ಲೈನ್ ಪಾಠ. ಎರಡೆರಡು ಹೋಂವರ್ಕು. ಅವರಿಗೆ ನೀವು ಮೂರನೆಯದು ಕೊಡಬೇಡಿ.

ಮೊದಲ ಗಂಟೆ

ನಮ್ಮಲ್ಲಿ ಹೊಸಬರ ಪರಿಚಯವಾದರೆ ಬಾಯಿಗೆ ಬರುವ ಮೊದಲ ಪ್ರಶ್ನೆ, ಅಪ್ಪ ಏನ್ ಮಾಡ್ತಾರೆ? ಅದನ್ನು ಕೇಳಲೇಬೇಡಿ. ಅಪ್ಪ ಮುಂಚೂಣಿಯಲ್ಲಿರಬಹುದು, ಗಾಯಗೊಂಡಿರಬಹುದು, ಕಾಣೆಯಾಗಿರಬಹುದು. ಅಣ್ಣ, ಚಿಕ್ಕಪ್ಪ, ಮನೆ, ಸ್ವಂತ ಊರು ಇವೂ ಹಾಗೆಯೇ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಮರುಪ್ರಶ್ನೆ ಹಾಕಬೇಡಿ. ನಮ್ಮ ಇನ್ನೊಂದು ಅಭ್ಯಾಸ ಮಾತ್ರ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ: ಊಟ ಆಯ್ತಾ? ಏನು ತಿಂದೆ, ಯಾರು ಮಾಡಿದ್ದು, ಹೇಗೆ ಮಾಡ್ತಾರೆ ಎಂದು ಹದಿನೈದು ನಿಮಿಷ ಇಂಗ್ಲಿಷಿನಲ್ಲಿ ಸಲೀಸಾಗಿ ಸಾಗುತ್ತದೆ. ಬೋರ್ಶ್ ಎಂಬ ಬೀಟ್‌ರೂಟ್ ಸೂಪಿಗೆ ಅವರೂ ಸಬ್ಬಸಿಗೆ ಸೊಪ್ಪು ಉದುರಿಸುತ್ತಾರೆ. ನಮ್ಮಲ್ಲಿ ಅದು ಅಕ್ಕಿರೊಟ್ಟಿಗೆ, ಮಸಾಲೆವಡೆಗೆ ಬೀಳುತ್ತದೆ ಎಂದು ಹೇಳಿ ನೋಡಿ.

ನಿಮ್ಮನ್ನು ಏನೆಂದು ಕರೆಯಬೇಕು ಎಂಬುದನ್ನು ಮೊದಲ ದಿನವೇ ಇತ್ಯರ್ಥ ಮಾಡಿ. ಉಕ್ರೇನಿನಲ್ಲಿ ಶಿಕ್ಷಕರನ್ನು ಅವರ ಹೆಸರಿಗೆ ತಂದೆಯ ಹೆಸರಿನಿಂದ ಬಂದ ಇನ್ನೊಂದು ಪದ ಸೇರಿಸಿ ಕರೆಯುತ್ತಾರೆ: ಓಲೇನಾ ಇವಾನಿವ್ನಾ ಎಂದರೆ ಇವಾನನ ಮಗಳು ಓಲೇನಾ. ನಿಮ್ಮ ಇನಿಷಿಯಲ್ ಅಪ್ಪನ ಹೆಸರಿನದಾಗಿದ್ದರೆ ಆ ವಿಷಯವನ್ನೇ ವಿವರಿಸಿ, ಮಕ್ಕಳಿಗೆ ತಟ್ಟನೆ ಹತ್ತಿರವೆನಿಸುತ್ತದೆ. ಅಲ್ಲಿ ಅಂಕ ಹನ್ನೆರಡಕ್ಕೆ. ಹತ್ತು ಬಂತು ಎಂದು ಮಗು ಹೇಳಿದರೆ ಹತ್ತಕ್ಕೆ ಹತ್ತು ಎಂದು ತಿಳಿದು ಅಭಿನಂದಿಸಬೇಡಿ.

ಊರ ಹೆಸರುಗಳನ್ನು ಉಕ್ರೇನಿಯನ್ ಉಚ್ಚಾರಣೆಯಲ್ಲೇ ಹೇಳಿ, ಬರೆಯುವಾಗಲೂ ಹಾಗೆಯೇ. ನಿಮಗೆ ನಾಲ್ಕು ಮಾತು ರಷ್ಯನ್ ಗೊತ್ತಿದ್ದರೂ ಅದರಲ್ಲಿ ಶುರು ಮಾಡಬೇಡಿ. ಎರಡು ಉಕ್ರೇನಿಯನ್ ಪದ ಮಾತ್ರ ಬಾಯಿಪಾಠ ಮಾಡಿಕೊಳ್ಳಿ: ವಿಮಾನದಾಳಿಯ ಎಚ್ಚರಿಕೆಗೆ 'ತ್ರಿವೋಹಾ', ಅದು ಮುಗಿದಾಗ 'ವಿದ್‌ಬಿಯ್'. ಪಾಠದ ನಡುವೆ ಮಗು ಇವನ್ನೇ ಉಸುರುತ್ತದೆ.

ಸೈರನ್ ಆದಾಗ

ಫೋನಿನಲ್ಲಿ ಎಚ್ಚರಿಕೆ ಕೊಡುವ ಆ್ಯಪ್ 2022ರ ಮಾರ್ಚ್‌ನಿಂದಲೇ ಬಳಕೆಯಲ್ಲಿದೆ, ಮಗುವಿನ ಫೋನಿನಲ್ಲಿ ಅದು ಇದ್ದೇ ಇರುತ್ತದೆ. ಎಚ್ಚರಿಕೆ ಆಯಾ ಪ್ರದೇಶಕ್ಕೆ ಬೇರೆಬೇರೆಯಾಗಿ ಬರುತ್ತದೆ. ಕಿಂಜಾಲ್ ಕ್ಷಿಪಣಿ ಹೊರುವ ರಷ್ಯಾದ ಮಿಗ್-31 ವಿಮಾನ ಮೇಲೇರಿದರೆ ಇಡೀ ದೇಶಕ್ಕೆ ಒಟ್ಟಿಗೆ ಬರುತ್ತದೆ. ಸೈರನ್ ಆದಾಗ ಏನು ಮಾಡುವುದೆಂದು ಮೊದಲ ಪಾಠದಲ್ಲೇ ಮಾತಾಡಿಕೊಂಡು, ಬರೆದು ಇಬ್ಬರ ಬಳಿಯೂ ಇಟ್ಟುಕೊಳ್ಳಿ.

ಸೈರನ್ ಆಯಿತೆಂದರೆ ಮಗು ಏನೂ ಹೇಳದೆ ಎದ್ದು ಹೋಗಬಹುದು. ನಮಸ್ಕಾರ ಬೇಡ, ಸಾರಿ ಬೇಡ, ಲ್ಯಾಪ್‌ಟಾಪ್ ಮುಚ್ಚುವುದೂ ಬೇಡ. ಒಂದು ವಾಕ್ಯ ಮುಗಿಸಿ ಹೋಗು ಎಂದು ನೀವು ಹೇಳಬಾರದು. ಕೆಲವು ಮಕ್ಕಳು ಏಳುವುದೇ ಇಲ್ಲ, ರೂಢಿಯಾಗಿ ಹೋಗಿದೆ ಎನ್ನುತ್ತಾರೆ. ಆಗ ಪಾಠ ನಿಲ್ಲಿಸಬೇಕಾದವರು ನೀವು. ಶೆಲ್ಟರ್ ದೂರವಿದ್ದವರು ಎರಡು ಗೋಡೆಯ ನಿಯಮ ಪಾಲಿಸುತ್ತಾರೆ: ತಮಗೂ ಬೀದಿಗೂ ನಡುವೆ ಎರಡು ಗೋಡೆ ಇರುವಂಥ ಜಾಗದಲ್ಲಿ, ಸಾಮಾನ್ಯವಾಗಿ ಕಿಟಕಿಯಿಲ್ಲದ ನಡುಮನೆಯ ಓಣಿಯಲ್ಲಿ, ನೆಲದ ಮೇಲೆ ಕೂರುವುದು. ಮೊದಲ ಗೋಡೆ ಹೊಡೆತ ತಡೆಯುತ್ತದೆ, ಎರಡನೆಯದು ಚೂರುಗಳನ್ನು. ಮಗು ಅಲ್ಲಿಂದ ಫೋನಿನಲ್ಲಿ ಮಾತಾಡಲು ತಾನಾಗಿ ಬಯಸಿದರೆ ಮಾತಾಡಿ, ಆದರೆ ಪಾಠ ಬೇಡ. ಬೆಕ್ಕಿನ ಸಮಾಚಾರ ಸಾಕು.

ನೀವು ಒಂದೇ ಒಂದು ಸಂದೇಶ ಕಳಿಸಿ: ನಾನು ಇಷ್ಟು ಗಂಟೆಯವರೆಗೆ ಇಲ್ಲೇ ಇರುತ್ತೇನೆ, ಉತ್ತರ ಬರೆಯಬೇಕಿಲ್ಲ. ಅಲ್ಲಿಗೆ ಮುಗಿಯಿತು. ಹೊಸಬರು ಎಡವುವುದು ಇಲ್ಲೇ. ಗಾಬರಿಯಲ್ಲಿ ಮೇಲಿಂದ ಮೇಲೆ ಸಂದೇಶ ಹಾಕುತ್ತಾರೆ, ಸುದ್ದಿ ನೋಡಿ ಇದು ನಿನ್ನ ಬೀದಿಯಾ ಎಂದು ಕೇಳುತ್ತಾರೆ. ಆಗ ನೆಲಮಾಳಿಗೆಯಲ್ಲಿ ಕೂತ ಮಗುವೇ ಬೆಂಗಳೂರಿನವರಿಗೆ ಸಮಾಧಾನ ಹೇಳಬೇಕಾಗುತ್ತದೆ. ತಡೆಯಲಾಗದಿದ್ದರೆ ಎಚ್ಚರಿಕೆಯ ಸ್ಥಿತಿ ತೋರಿಸುವ ಅಲರ್ಟ್ಸ್.ಇನ್.ಯುಎ ನಕ್ಷೆ ನೋಡಿಕೊಳ್ಳಿ, ಮಗುವಿಗೆ ಬರೆಯಬೇಡಿ. ಮರುದಿನ ಬೆಳಿಗ್ಗೆಯವರೆಗೂ ಸುದ್ದಿಯಿಲ್ಲದಿದ್ದರೆ ಇನ್ನೊಂದು ಸಾಲು. ಎರಡು ದಿನ ಕಳೆದರೂ ಇಲ್ಲವೆಂದರೆ ಸಂಯೋಜಕರಿಗೆ ತಿಳಿಸಿ, ತಾಯಿಯ ನಂಬರ್ ಹುಡುಕಲು ಹೋಗಬೇಡಿ.

ಬಿದ್ದ ಜಾಗದ ಫೋಟೋ, ವೀಡಿಯೊ ಕಳಿಸು ಎಂದು ಎಂದೂ ಕೇಳಬೇಡಿ. ದಾಳಿಯಾದ ಜಾಗದ, ಸೇನೆಯ ಚಲನವಲನದ ಚಿತ್ರ ಹಂಚುವುದು ಅಲ್ಲಿ ಅಪರಾಧವಾಗಬಹುದು. ಪಾಠದ ಸ್ಕ್ರೀನ್‌ಶಾಟನ್ನು ನಿಮ್ಮ ಸ್ಟೇಟಸ್‌ಗೆ ಹಾಕುವುದೂ ಬೇಡ. ಕಿಟಕಿಯಾಚೆ ಕಾಣುವ ಒಂದು ಕಟ್ಟಡ ಸಾಕು, ಮನೆ ಎಲ್ಲಿದೆಯೆಂದು ಗುರುತಿಸಲು.

ಕರೆಂಟು

ಲೋಡ್ ಶೆಡ್ಡಿಂಗ್ ಎಂದರೆ ನಮಗೆ ಹೇಳಿಕೊಡಬೇಕಿಲ್ಲ. 2022ರ ಅಕ್ಟೋಬರಿನಿಂದ ವಿದ್ಯುತ್ ಸ್ಥಾವರಗಳ ಮೇಲೆ ಸತತ ದಾಳಿಯಾದ್ದರಿಂದ ಅಲ್ಲಿ ಬೀದಿಗಳನ್ನು ಗುಂಪುಗಳಾಗಿ ಹಂಚಿ, ಗಂಟೆಗಳ ಲೆಕ್ಕದಲ್ಲಿ ಕರೆಂಟು ತೆಗೆಯುವ ವೇಳಾಪಟ್ಟಿ ಬಂತು. ಮಗುವಿನ ಗುಂಪು ಯಾವುದೆಂದು ಕೇಳಿಟ್ಟುಕೊಂಡು, ಆ ದಿನದ ಪಟ್ಟಿ ನೋಡಿ ಪಾಠದ ಹೊತ್ತು ಹಿಂದೆ ಮುಂದೆ ಮಾಡಿ.

ಕರೆಂಟು ಹೋದರೂ ಇಂಟರ್ನೆಟ್ ಉಳಿಸಿಕೊಳ್ಳುವ ಉಪಾಯ ಅಲ್ಲಿನ ಮನೆಮನೆಯಲ್ಲೂ ಇದೆ. ಮನೆಗೆ ಫೈಬರ್ ಲೈನ್ ಇದ್ದರೆ ದಾರಿಯುದ್ದಕ್ಕೂ ಕರೆಂಟು ಬೇಡ, ಮನೆಯ ರೌಟರಿಗೆ ಕೊಟ್ಟರೆ ಸಾಕು. ಪವರ್ ಬ್ಯಾಂಕಿನ 5 ವೋಲ್ಟನ್ನು 12 ವೋಲ್ಟಿಗೆ ಏರಿಸುವ ಚಿಕ್ಕ ಯುಎಸ್‌ಬಿ ಕೇಬಲ್ ಸಿಗುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಇರುವುದು ಸುಮಾರು 37 ವ್ಯಾಟ್ ಅವರ್. ವೋಲ್ಟೇಜ್ ಏರಿಸುವಾಗ ಐದರಲ್ಲೊಂದು ಪಾಲು ಹೋಯಿತೆಂದು ಹಿಡಿದರೂ 8 ವ್ಯಾಟಿನ ರೌಟರ್ ಮೂರೂವರೆ ಗಂಟೆ ಓಡುತ್ತದೆ. ಫೈಬರ್ ತಂತಿಯನ್ನು ರೌಟರಿಗೆ ತರುವ ಬೇರೊಂದು ಡಬ್ಬಿ ಇದ್ದರೆ ಅದಕ್ಕೂ ಇನ್ನೊಂದು ಕೇಬಲ್ ಬೇಕು, ಇದನ್ನು ಮರೆತು ರೌಟರಿನ ದೀಪ ಉರಿದರೂ ನೆಟ್ ಇಲ್ಲವಲ್ಲ ಎಂದು ಪೇಚಾಡುವವರು ಬಹಳ. ರೌಟರಿನ ತಳದ ಚೀಟಿ ಓದದೆ 9 ವೋಲ್ಟಿನದಕ್ಕೆ 12 ವೋಲ್ಟಿನ ಕೇಬಲ್ ಸಿಕ್ಕಿಸಿದರೆ ಸುಟ್ಟು ಹೋಗಬಹುದು. ಆ ಚೀಟಿಯನ್ನು ಮಗುವಿನಿಂದ ಇಂಗ್ಲಿಷಿನಲ್ಲಿ ಓದಿಸಿ, ಅದೂ ಒಂದು ಪಾಠವೇ. ಮೊಬೈಲ್ ಡೇಟಾ ನೆಚ್ಚಿಕೊಂಡವರಿಗೆ ಮೊದಲೆರಡು ಗಂಟೆ ಪರವಾಗಿಲ್ಲ, ಟವರಿನ ಬ್ಯಾಟರಿ ಇಳಿದಂತೆ ಸಿಗ್ನಲ್ಲೂ ಇಳಿಯುತ್ತದೆ.

ಇಷ್ಟೆಲ್ಲ ಇದ್ದರೂ ಲೈನ್ ಕಡಿಯುತ್ತದೆ. ಅದಕ್ಕೆಂದೇ ಪ್ರತಿ ಪಾಠಕ್ಕೂ ಮುಂಚೆ ಒಂದು ಪೊಟ್ಟಣ ಕಳಿಸಿಡಿ: ಒಂದು ಪುಟದ ಪಿಡಿಎಫ್, 1 ಎಂಬಿ ಮೀರದಂತೆ, ಜೊತೆಗೆ ಮೂರು ನಿಮಿಷದ ನಿಮ್ಮ ಧ್ವನಿಯ ಸಂದೇಶ. ಹಿಂದಿನ ರಾತ್ರಿಯೇ ಹೋಗಬೇಕು, ಪಾಠ ಶುರುವಾಗುವ ಹೊತ್ತಿಗೆ ಕಳಿಸಿದರೆ ಇಳಿಯುವುದಿಲ್ಲ. ಕ್ಯಾಮೆರಾ ಆನ್ ಮಾಡು ಎಂದು ಒತ್ತಾಯಿಸಬೇಡಿ. ಡೇಟಾ ಉಳಿಸುವುದು ಒಂದು ಕಾರಣ, ಮಗು ಯಾರ ಮನೆಯಲ್ಲಿ ಎಷ್ಟು ಜನರ ನಡುವೆ ಕೂತಿದೆಯೋ ಎಂಬುದು ಇನ್ನೊಂದು.

ಪಾಠವನ್ನು ಕತ್ತರಿಸುವುದು

ಗಂಟೆಯ ಪಾಠವನ್ನು ಹದಿನೈದು ನಿಮಿಷದ ಮೂರು ತುಂಡು ಮಾಡಿ, ಉಳಿದ ಹೊತ್ತು ಹರಟೆಗಿರಲಿ. ಒಂದೊಂದು ತುಂಡೂ ತನ್ನಷ್ಟಕ್ಕೆ ಪೂರ್ತಿಯಾಗಿರಬೇಕು. ಎರಡನೆಯದರ ಮಧ್ಯೆ ಸೈರನ್ ಆದರೆ ಹೋಗುವುದು ಒಂದು ತುಂಡು, ಇಡೀ ಪಾಠವಲ್ಲ. ಅರ್ಧಕ್ಕೆ ನಿಂತದ್ದನ್ನು ಮುಂದಿನ ವಾರ ಎಳೆಯಬೇಡಿ, ಹೊಸದಾಗಿ ಶುರು ಮಾಡಿ. ಬಾಕಿ ಬೆಳೆಯುತ್ತಾ ಹೋದರೆ ಮಗು ಪಾಠಕ್ಕೆ ಬರುವುದನ್ನೇ ಬಿಡುತ್ತದೆ, ಈ ಜೋಡಿಗಳು ಮುರಿಯುವುದು ಬಹಳ ಸಲ ಹೀಗೆಯೇ.

ಡ್ರೋನ್ ದಾಳಿ ರಾತ್ರಿಯಿಡೀ ಎಳೆಯುತ್ತದೆ. ಮಾರನೇ ದಿನ ಮಗು ಎರಡು ಗಂಟೆ ಮಲಗಿ ಎದ್ದು ಬಂದಿರುತ್ತದೆ. ಇದಕ್ಕಾಗಿ ನಿದ್ದೆಗೆಟ್ಟ ದಿನದ ಪಾಠವೊಂದು ಸದಾ ತಯಾರಿರಲಿ: ನೀವು ಒಂದು ಪುಟ ನಿಧಾನವಾಗಿ ಗಟ್ಟಿಯಾಗಿ ಓದುವುದು, ಮಗು ಕೇಳುವುದು, ಅಷ್ಟೇ. ಪ್ರಶ್ನೆ ಬೇಡ. ನಿದ್ದೆ ಬಂದರೆ ಮಲಗಲಿ.

ಇಂಗ್ಲಿಷ್ ಕಲಿಸುವಾಗ ಕನ್ನಡಿಗರಿಗೊಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳಿ. 'ಅವನು ವೈದ್ಯ' ಎನ್ನುವಾಗ ನಮ್ಮಲ್ಲಿ ಕ್ರಿಯಾಪದವಿಲ್ಲ, ಉಕ್ರೇನಿಯನ್‌ನಲ್ಲೂ ಇಲ್ಲ. ಹಾಗಾಗಿ ಅವರೂ 'ಹಿ ಡಾಕ್ಟರ್' ಎನ್ನುತ್ತಾರೆ, ನಮ್ಮ ಹಳ್ಳಿ ಶಾಲೆಯ ಮಕ್ಕಳೂ ಹಾಗೆಯೇ ಎನ್ನುತ್ತಾರೆ. 'ಎ', 'ದಿ' ಎರಡೂ ಭಾಷೆಗಳಲ್ಲಿಲ್ಲ. ಇಂಗ್ಲಿಷಿನ 'ವಿ' ಮತ್ತು 'ಡಬ್ಲ್ಯು' ಎರಡಕ್ಕೂ ನಾವು 'ವ' ಎನ್ನುವಂತೆ ಅವರ ನಾಲಗೆಯಲ್ಲೂ ಅವೆರಡರ ನಡುವಿನ ಒಂದೇ ಸದ್ದಿದೆ. ಇಂಗ್ಲಿಷನ್ನೇ ಮನೆಮಾತಾಗಿ ಬೆಳೆದವರಿಗೆ ಈ ತಪ್ಪು ಏಕೆ ಬರುತ್ತದೆಂದು ತಿಳಿಯುವುದಿಲ್ಲ. ನೀವು ಹೀಗೆ ಹೇಳಿಕೊಡಬಹುದು: ಮೊದಲ ಸಲ ಹೇಳುವ ವಸ್ತುವಿಗೆ 'ಎ', ಅದೇ ವಸ್ತು ಮತ್ತೆ ಬಂದರೆ 'ದಿ'. ನಾವು 'ಒಂದು ನಾಯಿ ಬಂತು, ಆ ನಾಯಿ ಕುಂಟುತ್ತಿತ್ತು' ಎನ್ನುವುದಿಲ್ಲವೇ, ಆ 'ಒಂದು' ಮತ್ತು 'ಆ' ಇಟ್ಟ ಕಡೆಯೇ ಅವು ಬರುತ್ತವೆ. ಉಕ್ರೇನಿಯನ್‌ನಲ್ಲೂ ಇಂಥದೇ ಪದಗಳಿವೆ, ಮಗು ತಾನೇ ಹುಡುಕಿಕೊಳ್ಳಲಿ. ಎಲ್ಲ ಕಡೆಗೂ ಈ ಸೂತ್ರ ಸಾಲದು, ಆದರೆ ಬಹಳಷ್ಟು ತಪ್ಪು ನಿಲ್ಲುತ್ತದೆ.

ಪರೀಕ್ಷೆ

ಶಾಲೆಯ ಅಂತಿಮ ಪರೀಕ್ಷೆಯಿಂದ ಯುದ್ಧದ ಈ ವರ್ಷಗಳಲ್ಲಿ ವಿನಾಯಿತಿ ಕೊಟ್ಟಿದ್ದಾರೆ. ವಿಶ್ವವಿದ್ಯಾಲಯದ ಬಾಗಿಲು ತೆರೆಯುವುದು ಎನ್‌ಎಂಟಿ ಎಂಬ ಬಹುವಿಷಯ ಪರೀಕ್ಷೆ, 2022ರಲ್ಲಿ ಹಳೆಯ ಕಾಗದದ ಪರೀಕ್ಷೆಯ ಬದಲಿಗೆ ಬಂದದ್ದು, ಕಂಪ್ಯೂಟರಿನಲ್ಲಿ ಬರೆಯುವಂಥದು. ಆ ವರ್ಷ ಮೂರು ವಿಷಯ, 60 ಪ್ರಶ್ನೆ, 120 ನಿಮಿಷ. 2024ರಿಂದ ನಾಲ್ಕು ವಿಷಯ: ಉಕ್ರೇನಿಯನ್ ಭಾಷೆ, ಗಣಿತ, ಉಕ್ರೇನಿನ ಇತಿಹಾಸ ಎಲ್ಲರಿಗೂ, ನಾಲ್ಕನೆಯದು ಆಯ್ಕೆ. ಇಂಗ್ಲಿಷ್ ಈ ಆಯ್ಕೆಯಲ್ಲಿ ಬರುತ್ತದೆ. ಮೊದಲ 120 ನಿಮಿಷಕ್ಕೆ ಭಾಷೆ ಮತ್ತು ಗಣಿತ, 20 ನಿಮಿಷ ಬಿಡುವು, ಮತ್ತೆ 120 ನಿಮಿಷಕ್ಕೆ ಇತಿಹಾಸ ಮತ್ತು ಆಯ್ಕೆಯ ವಿಷಯ. ಆ 120 ನಿಮಿಷವನ್ನು ಎರಡು ವಿಷಯಗಳ ನಡುವೆ ಹೇಗೆ ಹಂಚಿಕೊಳ್ಳುವುದೆಂಬುದು ಬರೆಯುವವರಿಗೆ ಬಿಟ್ಟದ್ದು. ಮಕ್ಕಳು ಸೋಲುವುದು ಇಲ್ಲೇ ಹೆಚ್ಚು. ಭಾಷೆಯ 30 ಪ್ರಶ್ನೆಗಳಲ್ಲಿ ಮುಳುಗಿ ಗಣಿತಕ್ಕೆ ಅರ್ಧ ಗಂಟೆ ಉಳಿಸಿಕೊಳ್ಳುತ್ತಾರೆ. ಭಾಷೆಗೆ 45, ಗಣಿತಕ್ಕೆ 75 ಎಂದು ಗಡಿಯಾರ ಇಟ್ಟು ರೂಢಿ ಮಾಡಿಸಿ.

ಗಣಿತದಲ್ಲಿ 22 ಪ್ರಶ್ನೆ, 32 ಅಂಕ: ಆಯ್ಕೆಯ ಪ್ರಶ್ನೆ 15, ಹೊಂದಿಸಿ ಬರೆಯುವುದು 3, ಉತ್ತರದ ಸಂಖ್ಯೆ ತಾವೇ ತುಂಬುವುದು 4. ಸೂತ್ರಗಳ ಪಟ್ಟಿ ಕೊಡುತ್ತಾರೆ, ಕ್ಯಾಲ್ಕುಲೇಟರ್ ಇಲ್ಲ. ಕೊನೆಯ ನಾಲ್ಕಕ್ಕೆ ಎರಡೆರಡು ಅಂಕ, ಹೊಂದಿಸುವ ಒಂದೊಂದಕ್ಕೆ ಮೂರು. ಹಾಗಾಗಿ ಸಿಇಟಿಗೆ ತಯಾರು ಮಾಡುವಂತೆ ವೇಗವೊಂದನ್ನೇ ಹಿಡಿದರೆ ಅಂಕ ಎಲ್ಲಿದೆಯೋ ಅಲ್ಲಿಗೆ ಹೊತ್ತು ಸಾಲುವುದಿಲ್ಲ. ಸೂತ್ರ ಉರುಹೊಡೆಸುವುದನ್ನು ಬಿಟ್ಟು ಕೈಲೆಕ್ಕ ಗಟ್ಟಿ ಮಾಡಿಸಿ, ಭಿನ್ನರಾಶಿ ಮತ್ತು ದಶಮಾಂಶ ಮುಖ್ಯವಾಗಿ. ಇಂಗ್ಲಿಷಿನಲ್ಲಿ 32 ಪ್ರಶ್ನೆ, ಎಲ್ಲವೂ ಓದಿ ಉತ್ತರಿಸುವುದು ಮತ್ತು ಬಿಟ್ಟ ಸ್ಥಳ ತುಂಬುವುದು. ಕೇಳಿಸಿಕೊಳ್ಳುವ ಭಾಗವಿಲ್ಲ, ಮಾತಿನ ಪರೀಕ್ಷೆಯಿಲ್ಲ. ಪರೀಕ್ಷೆಯೇ ಗುರಿಯಾದ ಮಗುವಿಗೆ ಮಾರ್ಚ್‌ನಿಂದ ಮಾತುಕತೆ ಅರ್ಧಕ್ಕಿಳಿಸಿ, ಓದನ್ನು ಏರಿಸಿ. ಹಳೆಯ ಪ್ರಶ್ನೆಗಳು ಓಸ್ವಿತಾ.ಯುಎ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ.

ಪರೀಕ್ಷೆಯ ನಡುವೆ ಸೈರನ್ ಆದರೆ ಎಲ್ಲರೂ ಶೆಲ್ಟರಿಗೆ ಹೋಗುತ್ತಾರೆ. ಅಷ್ಟರವರೆಗಿನ ಉತ್ತರ ಉಳಿದಿರುತ್ತದೆ, ಗಡಿಯಾರ ನಿಂತಿರುತ್ತದೆ, ಬಂದ ಮೇಲೆ ಮುಂದುವರಿಯುತ್ತದೆ. ಎಚ್ಚರಿಕೆ ತುಂಬಾ ಹೊತ್ತು ಎಳೆದರೆ ಬೇರೆ ದಿನ ಬರೆಯಲು ಅವಕಾಶವಿದೆ. ಇದನ್ನು ಮಗುವಿಗೆ ಮೊದಲೇ ಓದಿಸಿ, ಇಷ್ಟು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಉಳಿದರ್ಧಕ್ಕೆ ನಿಂತು ಮತ್ತೆ ಶುರು ಮಾಡುವ ಅಭ್ಯಾಸ ಬೇಕು. ಮಾದರಿ ಪರೀಕ್ಷೆಯ ದಿನ, ಇವತ್ತು ಮಧ್ಯೆ ಒಂದು ಸಲ ಹದಿನೈದು ನಿಮಿಷ ನಿಲ್ಲಿಸುತ್ತೇನೆ ಎಂದು ಮೊದಲೇ ಹೇಳಿ. ನಿಲ್ಲಿಸು ಎಂದಾಗ ಕರಡು ಹಾಳೆಯ ಮೇಲೆ ಬರೆಯಬೇಕಾದದ್ದು ಮೂರೇ: ಪ್ರಶ್ನೆಯ ಸಂಖ್ಯೆ, ಎಲ್ಲಿಯವರೆಗೆ ಬಂದಿದ್ದೆ, ಮುಂದಿನ ಹೆಜ್ಜೆ ಏನು. ಉದಾಹರಣೆಗೆ '19, ಎರಡೂ ಕಡೆ ವರ್ಗ ಮಾಡಿ ಆಯ್ತು, x ಬೇರೆ ಮಾಡು'. ಐದು ಸೆಕೆಂಡಿನ ಕೆಲಸ. ಮೂರು ನಾಲ್ಕು ಸಲ ಮಾಡಿಸಿದರೆ ಮಗು ಪ್ರತಿ ಪ್ರಶ್ನೆಯ ಪಕ್ಕದಲ್ಲೂ ತಾನಾಗಿ ಗುರುತು ಹಾಕುತ್ತಾ ಹೋಗುತ್ತದೆ, ಆಗ ನಿಜವಾದ ಸೈರನ್ ಆದಾಗ ಬರೆಯಲು ನಿಲ್ಲಬೇಕಾಗಿಲ್ಲ. ಅಭ್ಯಾಸಕ್ಕೆಂದು ಸೈರನ್ನಿನ ಸದ್ದು ಹಾಕಬೇಡಿ, ಯಾವ ಕಾರಣಕ್ಕೂ.

ವರ್ಷದ ನಕ್ಷೆ ಹೀಗೆ: ವಸಂತದಲ್ಲಿ, ಮಾರ್ಚ್ ಹೊತ್ತಿಗೆ, ನೋಂದಣಿ; ಮೇ ನಡುವಿನಿಂದ ಜೂನ್‌ವರೆಗೆ ಮುಖ್ಯ ಪರೀಕ್ಷೆ; ಜುಲೈಯಲ್ಲಿ ಫಲಿತಾಂಶ, ತಪ್ಪಿಸಿಕೊಂಡವರಿಗೆ ಇನ್ನೊಂದು ಸುತ್ತು, ಆನ್‌ಲೈನ್ ಅರ್ಜಿ; ಆಗಸ್ಟಿನಲ್ಲಿ ಪ್ರವೇಶ. ನಿಖರ ದಿನಾಂಕಗಳನ್ನು ಆಯಾ ವರ್ಷ ಪರೀಕ್ಷೆ ನಡೆಸುವ ಸರ್ಕಾರಿ ಸಂಸ್ಥೆಯ ತಾಣದಲ್ಲೇ ನೋಡಿ. ಅಂಕ 100ರಿಂದ 200ರ ಅಳತೆಗೆ ಬರುತ್ತದೆ, ಒಂದೊಂದು ಕೋರ್ಸೂ ಒಂದೊಂದು ವಿಷಯಕ್ಕೆ ಬೇರೆ ಬೇರೆ ತೂಕ ಕೊಡುತ್ತದೆ. ಸರ್ಕಾರಿ ವೆಚ್ಚದ ಸೀಟಿಗೆ ಐದು ಅರ್ಜಿ ಹಾಕಬಹುದು, ಆದ್ಯತೆಯ ಕ್ರಮ ಕೊಟ್ಟ ಮೇಲೆ ಬದಲಿಸಲಾಗದು. ಕ್ರಮ ಮಗು ಮತ್ತು ಮನೆಯವರು ನಿರ್ಧರಿಸಲಿ. ಯೂರೋಪಿನ ಹಲವು ನಗರಗಳಲ್ಲೂ ಪರೀಕ್ಷಾ ಕೇಂದ್ರಗಳಿರುತ್ತವೆ. ರಷ್ಯಾ ಹಿಡಿದಿಟ್ಟಿರುವ ಪ್ರದೇಶದ ಮಕ್ಕಳಿಗೆ ವಿಶ್ವವಿದ್ಯಾಲಯಗಳಲ್ಲಿ 'ಕ್ರಿಮಿಯಾ-ಉಕ್ರೇನ್', 'ದೊನ್ಬಾಸ್-ಉಕ್ರೇನ್' ಎಂಬ ಸಹಾಯ ಕೇಂದ್ರಗಳಿವೆ. ಅಂಥ ಮಗುವಿನ ಜೊತೆ ಈ ವಿಷಯವನ್ನು ಚಾಟ್‌ನಲ್ಲಿ ಬರೆಯಬೇಡಿ. ಅಲ್ಲಿ ಫೋನ್ ಕಿತ್ತು ನೋಡುತ್ತಾರೆ.

ಭವಿಷ್ಯತ್ ಕಾಲ

ಇಂಗ್ಲಿಷ್ ಪುಸ್ತಕ ಭವಿಷ್ಯತ್ ಕಾಲದ ಪಾಠಕ್ಕೆ ಬಂತೆಂದರೆ ಅಲ್ಲೊಂದು ಪ್ರಶ್ನೆ ಕಾದಿರುತ್ತದೆ: ಐದು ವರ್ಷದ ನಂತರ ನೀನು ಎಲ್ಲಿರುತ್ತೀಯ? ಈ ಪುಟವನ್ನು ಹಾರಿಸಿ. ಐದು ವರ್ಷದ ಮಾತು ಬಂದಾಗ ಕೆಲವು ಮಕ್ಕಳು ಸುಮ್ಮನಾಗುತ್ತಾರೆ, ಕೆಲವರು ನಿಮಗೆ ಖುಷಿಯಾಗಲೆಂದು ಚಂದದ ಸುಳ್ಳು ಹೇಳುತ್ತಾರೆ. ಎರಡರಿಂದಲೂ ಇಂಗ್ಲಿಷ್ ಬರುವುದಿಲ್ಲ. ಬದಲಿಗೆ ಈ ಶನಿವಾರ, ಈ ತಿಂಗಳ ಕೊನೆ, ಆಗಸ್ಟ್, ಈ ಮೂರು ದೂರ ಇಟ್ಟುಕೊಳ್ಳಿ. ಈ ಶನಿವಾರ ಏನು ಮಾಡಬೇಕೆಂದಿದ್ದೀ? ಕೂದಲು ಕತ್ತರಿಸಿಕೊಳ್ಳಬೇಕು, ಅಜ್ಜಿಗೆ ಆಲೂಗಡ್ಡೆ ನೆಡಲು ಹೋಗಬೇಕು. ಇವು ನಿಜವಾದ ಉತ್ತರಗಳು, ಇವುಗಳಲ್ಲೇ ವ್ಯಾಕರಣವೆಲ್ಲ ಇದೆ. ದೊಡ್ಡ ಆಸೆ ಇದ್ದರೆ ಇವುಗಳ ಹಿಂದೆಯೇ ಬರುತ್ತದೆ: ವಾಸ್ತುಶಿಲ್ಪ ಓದಿ ಊರು ಮತ್ತೆ ಕಟ್ಟಬೇಕು, ಗಾಯಾಳುಗಳಿಗೆ ಫಿಸಿಯೋಥೆರಪಿ ಮಾಡಬೇಕು, ಏನೂ ಬೇಡ ಸಮುದ್ರ ನೋಡಬೇಕು.

ಅಂಥ ಆಸೆಯ ಮಾತು ಬಂದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ, ಅದಕ್ಕೆ ಈ ವಾರ ಏನು ಬೇಕು? ವಾಸ್ತುಶಿಲ್ಪವಾದರೆ ಯಾವ ವಿಶ್ವವಿದ್ಯಾಲಯ, ಅಲ್ಲಿ ಚಿತ್ರ ಬಿಡಿಸುವ ಪರೀಕ್ಷೆ ಇದೆಯೇ, ಗಣಿತಕ್ಕೆ ಎಷ್ಟು ತೂಕ. ಒಂದು ಹಾಳೆಯಲ್ಲಿ ಕೆಲಸ, ದಿನಾಂಕ ಎರಡೇ ಕಾಲಂ ಹಾಕಿಸಿ, ಪ್ರತಿ ವಾರ ಮೊದಲ ಮೂರು ನಿಮಿಷ ಆ ಹಾಳೆಗೆ ಕೊಡಿ. ಆಗದ ಕೆಲಸವನ್ನು ಹೊಡೆದು ಹಾಕಿ ಹೊಸ ದಿನಾಂಕ ಬರೆದರೆ ಆಯಿತು, ಏಕೆ ಆಗಲಿಲ್ಲವೆಂದು ಕೇಳುವುದು ಬೇಡ. ಎಲ್ಲಾ ಸರಿ ಹೋಗುತ್ತೆ ಬಿಡು ಎಂಬ ಮಾತು ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಅದನ್ನು ನುಂಗಿಕೊಳ್ಳಿ. ಸರಿ ಹೋಗುತ್ತದೆಯೋ ಇಲ್ಲವೋ ನಿಮ್ಮ ಕೈಯಲ್ಲಿಲ್ಲ, ಮಗುವಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು.

ಹುಡುಗರ ವಿಷಯದಲ್ಲಿ ಇನ್ನೂ ಜಾಗ್ರತೆ. ಹದಿನೇಳಕ್ಕೆ ಸೇನಾ ದಫ್ತರಿನಲ್ಲಿ ಹೆಸರು ಬರೆಸಬೇಕು. ಕಡ್ಡಾಯ ಸೇನಾ ಕರೆಯ ವಯಸ್ಸನ್ನು 2024ರ ಏಪ್ರಿಲ್‌ನಲ್ಲಿ 27ರಿಂದ 25ಕ್ಕೆ ಇಳಿಸಿದರು. ಯುದ್ಧ ಶುರುವಾದಾಗಿನಿಂದ 18ರಿಂದ 60ರ ಗಂಡಸರು ದೇಶ ಬಿಟ್ಟು ಹೋಗುವಂತಿರಲಿಲ್ಲ. 2025ರ ಆಗಸ್ಟಿನಲ್ಲಿ 18ರಿಂದ 22ರವರಿಗೆ ಅದು ಸಡಿಲವಾಯಿತು. ಹದಿನೆಂಟನೇ ಹುಟ್ಟುಹಬ್ಬ ಬರುವ ಮುಂಚೆ ಹೋಗುವುದೋ ಉಳಿಯುವುದೋ ಎಂದು ಎಷ್ಟೋ ಮನೆಗಳು ರಾತ್ರಿಗಟ್ಟಲೆ ಕೂತು ಮಾತಾಡಿವೆ. ಹೊರಗೆ ಬಂದುಬಿಡು ಎಂದೂ, ಅಲ್ಲೇ ಇರು ಎಂದೂ ನೀವು ಹೇಳಬೇಡಿ. ನಿಯಮ ಏನಿದೆ ಎಂದು ಕೇಳಿದರೆ ಸರ್ಕಾರದ ಪುಟದ ಕೊಂಡಿ ಕೊಡಿ, ನಿಮ್ಮ ಅಭಿಪ್ರಾಯ ಬೇಡ.

ಪ್ರವೇಶ ಪತ್ರ

ವಿದೇಶದ ವಿಶ್ವವಿದ್ಯಾಲಯಗಳು, 2022ರ ನಂತರ ಉಕ್ರೇನಿನವೂ, ಏಕೆ ಈ ಕೋರ್ಸು ಎಂದು ವಿವರಿಸುವ ಪತ್ರ ಕೇಳಿವೆ. ಮುನ್ನೂರು ಪದ ಸಾಕು. ಮೊದಲ ಕರಡು ಹೆಚ್ಚಾಗಿ ಹೀಗಿರುತ್ತದೆ: 'ಯುದ್ಧ ನನಗೆ ಬದುಕಿನ ಬೆಲೆ ಕಲಿಸಿತು. ನಾನು ಕಂಪ್ಯೂಟರ್ ನೆಟ್‌ವರ್ಕ್ ಓದಿ ಜಗತ್ತನ್ನು ಬದಲಾಯಿಸಲು ಬಯಸುತ್ತೇನೆ.' ತಿದ್ದುವ ಬದಲು ಕೇಳಿ: ನೆಟ್‌ವರ್ಕಿನ ಯಾವ ಕೆಲಸ ನಿನ್ನ ಕೈಯಾರೆ ಮಾಡಿದ್ದೀ? ಆಗ ಬರುವುದು ಬೇರೆ: 'ನಮ್ಮ ಕಟ್ಟಡದ ನೆಲಮಾಳಿಗೆಗೆ ಸಿಗ್ನಲ್ ಬರುತ್ತಿರಲಿಲ್ಲ. ಮೂರನೇ ಮಹಡಿಯಿಂದ 40 ಮೀಟರ್ ಕೇಬಲ್ ಇಳಿಸಿದೆ. ಮೊದಲ ಸಲ ನೆಟ್ ಬರಲಿಲ್ಲ, ಒಂದು ತುದಿಯ ತಂತಿಗಳ ಕ್ರಮ ತಪ್ಪಾಗಿತ್ತು.' ಇವು ಮಾದರಿಗಾಗಿ ಹೆಣೆದ ಸಾಲುಗಳು, ಆದರೆ ಹಾದಿ ಇದೇ. ಎರಡನೆಯದರಲ್ಲಿ ಯುದ್ಧವೂ ಇದೆ, ಹುಡುಗನೂ ಇದ್ದಾನೆ. ಯುದ್ಧದ ಬಗ್ಗೆ ಎಷ್ಟು ಬರೆಯುವುದು, ಬರೆಯುವುದೋ ಬೇಡವೋ, ಅದನ್ನು ಮಗುವೇ ತೀರ್ಮಾನಿಸಬೇಕು. ಅಳು ಬರಿಸು, ಸೀಟು ಸಿಗುತ್ತೆ ಎಂಬ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಹದಿನೇಳರ ಹುಡುಗಿಯ ಕೈಯಲ್ಲಿ ಅವಳ ಅತಿ ಕೆಟ್ಟ ದಿನವನ್ನು ಮಾರಿಸಿದಂತಾಗುತ್ತದೆ.

ವ್ಯಾಕರಣದ ತಪ್ಪುಗಳನ್ನು ಬಣ್ಣ ಹಾಕಿ ತೋರಿಸಿ, ನೀವೇ ತಿದ್ದಿ ಬರೆಯಬೇಡಿ. ನಿಮ್ಮ ಇಂಗ್ಲಿಷಿನಲ್ಲಿ ಬಂದ ಪತ್ರ ಸಂದರ್ಶನದ ದಿನ ಮಗುವನ್ನು ಸಿಕ್ಕಿಸಿ ಹಾಕುತ್ತದೆ.

ದಾಖಲೆಗಳ ಮಾತು ಚಿಕ್ಕದು. ಓಡಬೇಕಾದಾಗ ಹಿಡಿಯುವ ಚೀಲವೊಂದು ಬಹಳಷ್ಟು ಮನೆಗಳಲ್ಲಿ ಬಾಗಿಲ ಬಳಿ ಇರುತ್ತದೆ, ಮೂಲ ಕಾಗದಗಳು ನೀರು ತಾಗದ ಫೈಲಿನಲ್ಲಿ ಅದರೊಳಗೇ ಇರಲಿ. ಶಾಲೆಯ ಪ್ರಮಾಣಪತ್ರದ ವಿವರ ಸರ್ಕಾರದ ಶಿಕ್ಷಣ ದತ್ತಾಂಶದಲ್ಲಿ ಇರುವುದರಿಂದ ಕಾಗದ ಸುಟ್ಟರೂ ನಕಲು ಪಡೆಯಬಹುದು. ವಿದೇಶಕ್ಕಾದರೆ ದಾಖಲೆ ಅಸಲಿ ಎಂದು ಬೇರೆ ದೇಶಗಳಿಗೆ ಖಾತ್ರಿ ಕೊಡುವ ಅಪೊಸ್ಟೀಲ್ ಮುದ್ರೆ, ಪ್ರಮಾಣಿತ ಅನುವಾದ ಬೇಕಾಗುತ್ತದೆ, ಹೊತ್ತು ಹಿಡಿಯುವ ಕೆಲಸ. ಪಾಸ್‌ಪೋರ್ಟಿನಲ್ಲಿರುವ ಹೆಸರಿನ ಇಂಗ್ಲಿಷ್ ಅಕ್ಷರಗಳೂ ಅರ್ಜಿಯ ಅಕ್ಷರಗಳೂ ಒಂದೇ ಇವೆಯೇ ಎಂದು ನೀವೊಮ್ಮೆ ನೋಡಿಕೊಡಿ. ಹೆಸರಿನ ಕಾಗುಣಿತ ಬೇರೆಯಾಗಿ ಅಲೆದಾಡುವ ಕಷ್ಟ ನಮ್ಮವರಿಗೆ ಹೇಳಬೇಕಿಲ್ಲ.

ಕೊನೆಯ ಗಂಟೆ

ಶಾಲೆ ಮುಗಿಯುವ ದಿನಕ್ಕೆ ಅಲ್ಲಿ 'ಕೊನೆಯ ಗಂಟೆ' ಎಂದೇ ಹೆಸರು, ಶಾಲೆಯಲ್ಲಿ ಬಾರಿಸುವ ಗಂಟೆ. ಹೆಗಲಿನಿಂದ ಸೊಂಟಕ್ಕೆ ಇಳಿಬಿಟ್ಟ ಪಟ್ಟಿ, ಕಸೂತಿಯ ಅಂಗಿ, ವಾಲ್ಟ್ಸ್ ನೃತ್ಯ. ಕೆಲವು ಕಡೆ ಈಗ ಅದು ಶೆಲ್ಟರಿನಲ್ಲಿ ನಡೆಯುತ್ತದೆ, ಕೆಲವು ಕಡೆ ಪರದೆಯ ಮೇಲೆ. 2022ರ ಜೂನ್‌ನಲ್ಲಿ ಚೆರ್ನಿಹಿವ್‌ನ ಮಕ್ಕಳು ಉರುಳಿದ ಕಟ್ಟಡಗಳ ನಡುವೆ ಆ ಪಟ್ಟಿ ತೊಟ್ಟು ತೆಗೆಸಿಕೊಂಡ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಅವನ್ನು ಪಾಠಕ್ಕೆ ತರಬೇಡಿ. ನಿಮ್ಮ ವಿದ್ಯಾರ್ಥಿನಿ ತನ್ನ ಉಡುಪಿನ ಚಿತ್ರ ಕಳಿಸಿದರೆ ಅದರ ಬಣ್ಣ, ಹೊಲಿಗೆ, ತೋಳಿನ ಅಳತೆ, ಯಾರು ಹೊಲಿದರು, ಇದನ್ನೇ ಮಾತಾಡಿ. ಪಿಯುಸಿ ಬೀಳ್ಕೊಡುಗೆಗೆ ಮೊದಲ ಸಲ ಸೀರೆ ಉಟ್ಟ ಹುಡುಗಿಯ ಜೊತೆ ನಮ್ಮಲ್ಲಿ ಎಷ್ಟು ಹೊತ್ತು ಮಾತಾಡುತ್ತೇವೋ ಅಷ್ಟು ಹೊತ್ತು. ಆ ದಿನ ಪಾಠ ಬೇಡ.

ಆಗಸ್ಟಿನಲ್ಲಿ ಪ್ರವೇಶ ಮುಗಿದ ಮೇಲೆ ಪಾಠ ಮುಂದುವರಿಸುವುದೋ ನಿಲ್ಲಿಸುವುದೋ ಎಂದು ಒಂದು ಸಲ ಬಾಯಿಬಿಟ್ಟು ಮಾತಾಡಿ, ದಿನಾಂಕ ಗೊತ್ತು ಮಾಡಿ. ಹೇಳದೆ ಕರಗಿಹೋಗಬೇಡಿ. ಸೆಪ್ಟೆಂಬರ್ 1 ಅಲ್ಲಿ ಶೈಕ್ಷಣಿಕ ವರ್ಷದ ಮೊದಲ ದಿನ, ಕೀವ್ ಸಮಯ ಬೆಳಿಗ್ಗೆ 8ಕ್ಕೆ, ಅಂದರೆ ನಮ್ಮ 10:30ಕ್ಕೆ, ಒಂದು ಸಾಲು ಬರೆದು ಹಾಕಿ. ದೇಶವೆಲ್ಲ ಒಂದು ನಿಮಿಷ ಮೌನ ನಿಲ್ಲುವ 9 ಗಂಟೆಗೆ ಬೇಡ. ಪಾಠ ಮುಂದುವರಿಸಿದ್ದರೆ ಅಕ್ಟೋಬರಿನ ಕೊನೇ ಭಾನುವಾರ ಕ್ಯಾಲೆಂಡರ್ ತೆಗೆದು ನೋಡಿ, ಸಂಜೆ 6ರ ಪಾಠ ನಮ್ಮ 9:30ಕ್ಕೆ ಹೋಗಿರುತ್ತದೆ.